ಬ್ರಿಟನ್ನಿನ ಹೈ ಸ್ಟ್ರೀಟ್ ಬ್ಯಾಂಕುಗಳು: ಸ್ವಾಧೀನ ಮತ್ತು ಉದ್ಯೋಗ ಕಡಿತ

ಬ್ರಿಟನ್ನಿನ ಊರುಗಳ ಮುಖ್ಯ ಪೇಟೆಬೀದಿಗಳಲ್ಲಿ ಶಾಖೆಗಳನ್ನು ತೆರೆದು ಜನಸಾಮಾನ್ಯರಿಗೂ ಸಣ್ಣ ವ್ಯಾಪಾರಿಗಳಿಗೂ ಚಾಲ್ತಿ ಖಾತೆ, ಉಳಿತಾಯ, ಗೃಹಸಾಲ, ಹಣ ಪಾವತಿ ಮೊದಲಾದ ಸೇವೆಗಳನ್ನು ಒದಗಿಸುವ ಬ್ಯಾಂಕುಗಳಿಗೆ ಹೈ ಸ್ಟ್ರೀಟ್ ಬ್ಯಾಂಕುಗಳೆಂದು ಹೆಸರು. ಲಾಯ್ಡ್ಸ್, ಬಾರ್ಕ್ಲೇಸ್, ನ್ಯಾಟ್‌ವೆಸ್ಟ್, ಎಚ್‌ಎಸ್‌ಬಿಸಿ, ಸ್ಯಾಂಟಂಡೇರ್ ಮತ್ತು ನೇಷನ್‌ವೈಡ್ ಇವುಗಳಲ್ಲಿ ಪ್ರಮುಖವಾದವು. ಇವುಗಳಲ್ಲಿ ಒಂದೂ ಕೇವಲ ತನ್ನ ವ್ಯವಹಾರದ ಬೆಳವಣಿಗೆಯಿಂದ ಇಂದಿನ ಗಾತ್ರಕ್ಕೆ ಬಂದದ್ದಲ್ಲ. ಪ್ರತಿಯೊಂದೂ ಹಲವಾರು ಚಿಕ್ಕ ದೊಡ್ಡ ಸಂಸ್ಥೆಗಳನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆದಿದೆ. ಎರಡು ಬ್ಯಾಂಕುಗಳು ಒಂದಾದಾಗ ಒಂದೇ ಬೀದಿಯಲ್ಲಿ ಎರಡು ಶಾಖೆ, ಒಂದೇ ಕೆಲಸಕ್ಕೆ ಎರಡು ಕಚೇರಿ, ಒಂದೇ ಲೆಕ್ಕಕ್ಕೆ ಎರಡು ಕಂಪ್ಯೂಟರ್ ವ್ಯವಸ್ಥೆ ಉಳಿಯುತ್ತವೆ. ಈ ಇಮ್ಮಡಿಯನ್ನು ತೆಗೆದುಹಾಕುವುದರಿಂದ ಆಗುವ ಉಳಿತಾಯವನ್ನು ಸ್ವಾಧೀನದ ಬೆಲೆ ಕಟ್ಟುವಾಗಲೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಹೀಗಾಗಿ ಬ್ಯಾಂಕ್ ಸ್ವಾಧೀನದ ಚರಿತ್ರೆಯೂ ಬ್ಯಾಂಕ್ ನೌಕರರ ಉದ್ಯೋಗ ಕಡಿತದ ಚರಿತ್ರೆಯೂ ಒಂದರೊಡನೊಂದು ಹೆಣೆದುಕೊಂಡಿವೆ.

ಪರಿಭಾಷೆ

ಒಂದು ಸಂಸ್ಥೆ ಇನ್ನೊಂದರ ಷೇರುಗಳನ್ನು ಕೊಂಡು ಅದರ ಮೇಲೆ ನಿಯಂತ್ರಣ ಪಡೆಯುವುದು ಸ್ವಾಧೀನ. ಎರಡು ಸಂಸ್ಥೆಗಳು ಪರಸ್ಪರ ಒಪ್ಪಿ ಒಂದೇ ಸಂಸ್ಥೆಯಾಗುವುದು ವಿಲೀನ. ವ್ಯವಹಾರದಲ್ಲಿ ವಿಲೀನವೆಂದು ಘೋಷಿತವಾದ ಅನೇಕ ಒಪ್ಪಂದಗಳು ಕಾನೂನಿನ ದೃಷ್ಟಿಯಲ್ಲಿ ಸ್ವಾಧೀನಗಳೇ ಆಗಿವೆ.

ಉದ್ಯೋಗ ಕಡಿತ ಎಂಬುದು ವಿಶಾಲವಾದ ಪದ. ನಿವೃತ್ತರ ಸ್ಥಾನವನ್ನು ತುಂಬದಿರುವುದರಿಂದ ಹಿಡಿದು ಕೆಲಸದಿಂದ ತೆಗೆಯುವವರೆಗಿನ ಎಲ್ಲ ಕ್ರಮಗಳೂ ಇದರಲ್ಲಿ ಸೇರುತ್ತವೆ. ಹುದ್ದೆ ರದ್ದತಿ ಎಂಬುದು ಇದರ ಒಂದು ಭಾಗ: ಆ ಕೆಲಸವೇ ಸಂಸ್ಥೆಗೆ ಬೇಡವಾದಾಗ ಅಥವಾ ಆ ಸ್ಥಳದ ಕಚೇರಿ ಮುಚ್ಚಿದಾಗ ನೌಕರನನ್ನು ಬಿಡುಗಡೆ ಮಾಡುವುದು. ನೌಕರನ ತಪ್ಪಿಗಾಗಿ ಮಾಡುವ ವಜಾ ಇದರಲ್ಲಿ ಸೇರುವುದಿಲ್ಲ. ಬ್ಯಾಂಕುಗಳ ಪ್ರಕಟಣೆಗಳಲ್ಲಿ ಬರುವ 'ಅಪಾಯದಲ್ಲಿರುವ ಹುದ್ದೆಗಳು' ಎಂಬ ಮಾತು ಸಮಾಲೋಚನೆಗೆ ಒಳಪಟ್ಟ ಹುದ್ದೆಗಳನ್ನು ಸೂಚಿಸುತ್ತದೆ. ಕೊನೆಗೆ ಕೆಲಸ ಕಳೆದುಕೊಳ್ಳುವವರ ಸಂಖ್ಯೆ ಅದಕ್ಕಿಂತ ಕಡಿಮೆಯಾಗಿರಬಹುದು.

ಬಿಲ್ಡಿಂಗ್ ಸೊಸೈಟಿ ಎಂಬುದು ಷೇರುದಾರರಿಲ್ಲದ, ಸದಸ್ಯರ ಒಡೆತನದ ಉಳಿತಾಯ ಮತ್ತು ಗೃಹಸಾಲ ಸಂಸ್ಥೆ. ನೇಷನ್‌ವೈಡ್ ಈ ವರ್ಗಕ್ಕೆ ಸೇರಿದ್ದರೂ ವ್ಯವಹಾರದ ದೃಷ್ಟಿಯಿಂದ ಅದನ್ನು ಹೈ ಸ್ಟ್ರೀಟ್ ಬ್ಯಾಂಕುಗಳ ಸಾಲಿನಲ್ಲೇ ಎಣಿಸಲಾಗುತ್ತದೆ.

ಉಗಮ ಮತ್ತು ಬೆಳವಣಿಗೆ

1918ರವರೆಗೆ: ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ಯಾಂಕಿಂಗ್ ಊರೂರಿನ ಖಾಸಗಿ ಕುಟುಂಬಗಳ ಕೈಯಲ್ಲಿತ್ತು. ಲಾಯ್ಡ್ಸ್ 1765ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾಯಿತು. 1826ರ ಕಾಯಿದೆ ಲಂಡನ್ನಿನಿಂದ 65 ಮೈಲಿ ಹೊರಗೆ ಷೇರು ಬಂಡವಾಳದ ಬ್ಯಾಂಕುಗಳನ್ನು ಸ್ಥಾಪಿಸಲು ಅನುಮತಿ ಕೊಟ್ಟಿತು. ಮಿಡ್‌ಲ್ಯಾಂಡ್ ಬ್ಯಾಂಕ್ 1836ರಲ್ಲಿ ಹುಟ್ಟಿದ್ದು ಈ ಅವಕಾಶದಿಂದ. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿ ಅದರ ಷೇರುದಾರರು ತಮ್ಮ ಸ್ವಂತ ಆಸ್ತಿಯಿಂದ ಸಾಲ ತೀರಿಸಬೇಕಾಗಿ ಬಂದ ಮೇಲೆ, ಸೀಮಿತ ಹೊಣೆಯ ದೊಡ್ಡ ಬ್ಯಾಂಕುಗಳತ್ತ ಒಲವು ಹೆಚ್ಚಿತು. 1896ರಲ್ಲಿ ಸುಮಾರು 20 ಖಾಸಗಿ ಬ್ಯಾಂಕುಗಳು ಸೇರಿ ಬಾರ್ಕ್ಲೇ ಆ್ಯಂಡ್ ಕಂಪನಿ ರೂಪುಗೊಂಡಿತು. 1918ರ ವೇಳೆಗೆ ಬಾರ್ಕ್ಲೇಸ್, ಲಾಯ್ಡ್ಸ್, ಮಿಡ್‌ಲ್ಯಾಂಡ್, ನ್ಯಾಷನಲ್ ಪ್ರಾವಿನ್ಷಿಯಲ್ ಮತ್ತು ವೆಸ್ಟ್‌ಮಿನ್‌ಸ್ಟರ್ ಎಂಬ ಐದು ಬ್ಯಾಂಕುಗಳ ಕೈಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಠೇವಣಿಗಳ ಬಹುಪಾಲು ಸೇರಿತ್ತು. ಆ ವರ್ಷ ಕೋಲ್ವಿನ್ ಸಮಿತಿ ಈ ಕೇಂದ್ರೀಕರಣದ ಬಗ್ಗೆ ಕಳವಳ ವ್ಯಕ್ತಪಡಿಸಿದ ಬಳಿಕ ಸರ್ಕಾರದ ಒಪ್ಪಿಗೆ ಇಲ್ಲದೆ ಐದು ದೊಡ್ಡ ಬ್ಯಾಂಕುಗಳು ಪರಸ್ಪರ ಸೇರುವಂತಿಲ್ಲ ಎಂಬ ಅಲಿಖಿತ ಕಟ್ಟಳೆ ನೆಲೆಗೊಂಡು ಐವತ್ತು ವರ್ಷ ನಡೆಯಿತು.

ಐದರಿಂದ ನಾಲ್ಕು: 1968ರಲ್ಲಿ ನ್ಯಾಷನಲ್ ಪ್ರಾವಿನ್ಷಿಯಲ್ ಮತ್ತು ವೆಸ್ಟ್‌ಮಿನ್‌ಸ್ಟರ್ ಬ್ಯಾಂಕುಗಳ ವಿಲೀನ ಘೋಷಣೆಯಾಯಿತು, ಅದರಿಂದ ಹುಟ್ಟಿದ ನ್ಯಾಟ್‌ವೆಸ್ಟ್ 1970ರ ಜನವರಿ 1ರಂದು ವ್ಯವಹಾರ ಆರಂಭಿಸಿತು. ಅದೇ 1968ರಲ್ಲಿ ಬಾರ್ಕ್ಲೇಸ್, ಲಾಯ್ಡ್ಸ್ ಮತ್ತು ಮಾರ್ಟಿನ್ಸ್ ಬ್ಯಾಂಕುಗಳನ್ನು ಒಂದುಗೂಡಿಸುವ ಪ್ರಸ್ತಾಪವನ್ನು ಏಕಸ್ವಾಮ್ಯ ಆಯೋಗ ವಿರೋಧಿಸಿತು. ಮಾರ್ಟಿನ್ಸ್ ಮಾತ್ರ ಬಾರ್ಕ್ಲೇಸಿನ ಪಾಲಾಯಿತು. 1981ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಮತ್ತು ಹಾಂಗ್‌ಕಾಂಗ್ ಆ್ಯಂಡ್ ಶಾಂಘೈ ಬ್ಯಾಂಕುಗಳು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿಗಾಗಿ ಪೈಪೋಟಿಗಿಳಿದವು. ಎಡಿನ್‌ಬರೋದಲ್ಲಿದ್ದ ನಿರ್ಧಾರದ ಅಧಿಕಾರ ಹೊರಗೆ ಹೋದರೆ ಸ್ಕಾಟ್ಲೆಂಡಿನ ಆರ್ಥಿಕ ಜೀವನಕ್ಕೂ ಅಲ್ಲಿನ ಉನ್ನತ ಹುದ್ದೆಗಳಿಗೂ ಧಕ್ಕೆಯೆಂಬ ವಾದ ಬಲವಾಗಿ ಕೇಳಿಬಂತು. 1982ರ ಆರಂಭದಲ್ಲಿ ಎರಡೂ ಪ್ರಸ್ತಾಪಗಳಿಗೆ ತಡೆ ಬಿತ್ತು. ಪ್ರಾದೇಶಿಕ ಹಿತವನ್ನು ಮುಂದಿಟ್ಟು ಬ್ಯಾಂಕ್ ಸ್ವಾಧೀನವೊಂದನ್ನು ನಿಲ್ಲಿಸಿದ ಮುಖ್ಯ ನಿದರ್ಶನ ಇದು.

1986ರಿಂದ 2001: 1986ರ ಬಿಲ್ಡಿಂಗ್ ಸೊಸೈಟಿ ಕಾಯಿದೆ ಸದಸ್ಯರ ಒಡೆತನದ ಸಂಸ್ಥೆಗಳು ಷೇರು ಕಂಪನಿಗಳಾಗಿ ಮಾರ್ಪಡಲು ದಾರಿ ತೆರೆಯಿತು. 1989ರಲ್ಲಿ ಆ್ಯಬಿ ನ್ಯಾಷನಲ್ ಮೊದಲು ಮಾರ್ಪಟ್ಟಿತು. 1997ರಲ್ಲಿ ಹ್ಯಾಲಿಫ್ಯಾಕ್ಸ್, ವುಲ್ವಿಚ್, ಅಲಯನ್ಸ್ ಆ್ಯಂಡ್ ಲೆಸ್ಟರ್ ಹಾಗೂ ನಾರ್ದರ್ನ್ ರಾಕ್, 2000ದಲ್ಲಿ ಬ್ರಾಡ್‌ಫರ್ಡ್ ಆ್ಯಂಡ್ ಬಿಂಗ್ಲಿ ಅದೇ ಹಾದಿ ಹಿಡಿದವು. ಷೇರುಪೇಟೆಗೆ ಬಂದ ಸಂಸ್ಥೆಯನ್ನು ಕೊಳ್ಳಲು ಸಾಧ್ಯವಾಯಿತು. ಈ ಆರರಲ್ಲಿ ಒಂದೂ ಮುಂದೆ ಸ್ವತಂತ್ರವಾಗಿ ಉಳಿಯಲಿಲ್ಲ.

1992ರಲ್ಲಿ ಎಚ್‌ಎಸ್‌ಬಿಸಿ ಮಿಡ್‌ಲ್ಯಾಂಡ್ ಬ್ಯಾಂಕನ್ನು ಸ್ವಾಧೀನ ಮಾಡಿಕೊಂಡಿತು. ಪೈಪೋಟಿಗಿಳಿದಿದ್ದ ಲಾಯ್ಡ್ಸ್ ಹಿಂದೆ ಸರಿಯಿತು. 1999ರಲ್ಲಿ ಮಿಡ್‌ಲ್ಯಾಂಡ್ ಎಂಬ ಹೆಸರು ಬೀದಿಗಳಿಂದ ಮರೆಯಾಯಿತು. 1810ರಲ್ಲಿ ಸ್ಕಾಟ್ಲೆಂಡಿನ ರತ್‌ವೆಲ್ ಎಂಬಲ್ಲಿ ಪಾದ್ರಿ ಹೆನ್ರಿ ಡಂಕನ್ ಬಡವರಿಗಾಗಿ ತೆರೆದ ಉಳಿತಾಯ ಬ್ಯಾಂಕಿನ ಪರಂಪರೆಗೆ ಸೇರಿದ ಟಿಎಸ್‌ಬಿ 1995ರಲ್ಲಿ ಲಾಯ್ಡ್ಸ್ ಜೊತೆ ಸೇರಿತು. 2000ದಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ತನಗಿಂತ ದೊಡ್ಡದಾದ ನ್ಯಾಟ್‌ವೆಸ್ಟನ್ನು ಸುಮಾರು 2,100 ಕೋಟಿ ಪೌಂಡಿಗೆ ಕೊಂಡಿತು. ಮೊದಲು ಕೈಚಾಚಿದ್ದ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸೋತು, 2001ರಲ್ಲಿ ಹ್ಯಾಲಿಫ್ಯಾಕ್ಸ್ ಜೊತೆ ಸೇರಿ ಎಚ್‌ಬಿಒಎಸ್ ಆಯಿತು. ನ್ಯಾಟ್‌ವೆಸ್ಟ್ ಸ್ವಾಧೀನದ ಬಳಿಕ ಸುಮಾರು 18,000 ಹುದ್ದೆಗಳು ಹೋದವು. 2001ರಲ್ಲಿ ಲಾಯ್ಡ್ಸ್ ಟಿಎಸ್‌ಬಿ ಆ್ಯಬಿ ನ್ಯಾಷನಲ್ಲನ್ನು ಕೊಳ್ಳಲು ಹೊರಟಾಗ, ಚಾಲ್ತಿ ಖಾತೆಗಳಲ್ಲಿ ಸ್ಪರ್ಧೆ ಕುಗ್ಗುತ್ತದೆಂಬ ಕಾರಣಕ್ಕೆ ಸರ್ಕಾರ ತಡೆಯಿತು. 2004ರಲ್ಲಿ ಅದೇ ಆ್ಯಬಿಯನ್ನು ಸ್ಪೇನಿನ ಸ್ಯಾಂಟಂಡೇರ್ ಕೊಂಡಿತು. ಬ್ರಿಟನ್ನಿನಲ್ಲಿ ಅದಕ್ಕೆ ಶಾಖಾಜಾಲ ಇರಲಿಲ್ಲವಾದ್ದರಿಂದ ಸ್ಪರ್ಧೆಯ ತಕರಾರು ಏಳಲಿಲ್ಲ.

2007ರಿಂದ 2009ರ ಬಿಕ್ಕಟ್ಟು: 2007ರ ಸೆಪ್ಟೆಂಬರಿನಲ್ಲಿ ನಾರ್ದರ್ನ್ ರಾಕ್ ಶಾಖೆಗಳ ಮುಂದೆ ಠೇವಣಿದಾರರು ಸಾಲುಗಟ್ಟಿದರು. ಬ್ರಿಟನ್ ಒಂದು ಶತಮಾನಕ್ಕೂ ಹೆಚ್ಚು ಕಾಲ ಇಂಥದ್ದನ್ನು ಕಂಡಿರಲಿಲ್ಲ. 2008ರ ಫೆಬ್ರವರಿಯಲ್ಲಿ ಆ ಬ್ಯಾಂಕು ರಾಷ್ಟ್ರೀಕರಣಗೊಂಡಿತು. ಆ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಬ್ರಾಡ್‌ಫರ್ಡ್ ಆ್ಯಂಡ್ ಬಿಂಗ್ಲಿಯ ಠೇವಣಿಗಳೂ ಶಾಖೆಗಳೂ, ಅದರ ಹಿಂದೆಯೇ ಅಲಯನ್ಸ್ ಆ್ಯಂಡ್ ಲೆಸ್ಟರ್ ಬ್ಯಾಂಕೂ ಸ್ಯಾಂಟಂಡೇರಿಗೆ ಸೇರಿದವು. ಲಾಯ್ಡ್ಸ್ ಟಿಎಸ್‌ಬಿ, ಕುಸಿಯುತ್ತಿದ್ದ ಎಚ್‌ಬಿಒಎಸ್ ಅನ್ನು ಕೊಳ್ಳುವುದಾಗಿ ಸೆಪ್ಟೆಂಬರ್ 18ರಂದು ಪ್ರಕಟಿಸಿತು. ಎರಡೂ ಸೇರಿದರೆ ದೇಶದ ಚಾಲ್ತಿ ಖಾತೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ಕೈಗೆ ಸೇರುತ್ತಿತ್ತು. ಸ್ಪರ್ಧೆಗೆ ಹಾನಿಯೆಂದು ನ್ಯಾಯಯುತ ವ್ಯಾಪಾರ ಕಚೇರಿ ಎಚ್ಚರಿಸಿದರೂ, ಹಣಕಾಸು ಸ್ಥಿರತೆಯನ್ನು ಸಾರ್ವಜನಿಕ ಹಿತದ ಹೊಸ ಆಧಾರವಾಗಿ ಕಾನೂನಿಗೆ ಸೇರಿಸಿ ಸಚಿವ ಪೀಟರ್ ಮ್ಯಾಂಡಲ್‌ಸನ್ ಒಪ್ಪಿಗೆ ಕೊಟ್ಟರು. ಇದನ್ನು ಪ್ರಶ್ನಿಸಿ ಸ್ಕಾಟ್ಲೆಂಡಿನ ನಾಗರಿಕರ ಗುಂಪೊಂದು ಸಲ್ಲಿಸಿದ ಅರ್ಜಿಯನ್ನು ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ 2008ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. 2009ರ ಜನವರಿಯಲ್ಲಿ ಸ್ವಾಧೀನ ಪೂರ್ಣಗೊಂಡಿತು.

2008ರ ಅಕ್ಟೋಬರಿನಲ್ಲಿ ಸರ್ಕಾರ ಮೂರು ಬ್ಯಾಂಕುಗಳಿಗೆ ಒಟ್ಟು 3,700 ಕೋಟಿ ಪೌಂಡ್ ಬಂಡವಾಳ ಘೋಷಿಸಿತು. ಅದರಲ್ಲಿ 2,000 ಕೋಟಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿಗೆ, ಉಳಿದದ್ದು ಲಾಯ್ಡ್ಸ್ ಮತ್ತು ಎಚ್‌ಬಿಒಎಸ್‌ಗೆ. ತೆರಿಗೆದಾರರ ಹಣದಿಂದ ಉಳಿದ ಬ್ಯಾಂಕುಗಳು ಸಾವಿರಾರು ನೌಕರರನ್ನು ಕಡಿತಗೊಳಿಸಿದ್ದು ಮುಂದಿನ ಹತ್ತು ವರ್ಷಗಳ ಸಾರ್ವಜನಿಕ ಚರ್ಚೆಯ ಮುಖ್ಯ ವಿಷಯಗಳಲ್ಲಿ ಒಂದಾಯಿತು.

ಸ್ವಾಧೀನದ ಬಗೆಗಳು

ಒಪ್ಪಂದದ ಸ್ವಾಧೀನ: ಎರಡೂ ಆಡಳಿತ ಮಂಡಳಿಗಳು ಒಪ್ಪಿ ಷೇರುದಾರರ ಮುಂದಿಡುವ ಪ್ರಸ್ತಾಪ. 2018ರಲ್ಲಿ ಕ್ಲೈಡ್ಸ್‌ಡೇಲ್ ಮತ್ತು ಯಾರ್ಕ್‌ಷೈರ್ ಬ್ಯಾಂಕುಗಳ ಮಾತೃಸಂಸ್ಥೆ ಸುಮಾರು 170 ಕೋಟಿ ಪೌಂಡಿಗೆ ವರ್ಜಿನ್ ಮನಿಯನ್ನು ಕೊಂಡದ್ದು ಈ ಬಗೆಯದು.

ಪ್ರತಿಕೂಲ ಸ್ವಾಧೀನ: ಗುರಿಯಾದ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪದಿದ್ದರೂ ನೇರವಾಗಿ ಷೇರುದಾರರಿಗೆ ಬೆಲೆ ಮುಂದಿಡುವುದು. ನ್ಯಾಟ್‌ವೆಸ್ಟ್ ಸ್ವಾಧೀನ ಇದಕ್ಕೆ ದೊಡ್ಡ ಉದಾಹರಣೆ.

ಪಾರುಗಾಣಿಕೆಯ ಸ್ವಾಧೀನ: ಮುಳುಗುವ ಬ್ಯಾಂಕನ್ನು ಸರ್ಕಾರದ ಪ್ರೇರಣೆಯಿಂದ ಬಲವಾದ ಬ್ಯಾಂಕು ಕೊಳ್ಳುವುದು. ಎಚ್‌ಬಿಒಎಸ್ ಈ ವರ್ಗಕ್ಕೆ ಸೇರಿದೆ. ಇಲ್ಲಿ ನಿರ್ಧಾರಕ್ಕೆ ಸಿಗುವುದು ವಾರಗಳಲ್ಲ, ದಿನಗಳು.

ಭಾಗಶಃ ಖರೀದಿ: ಇಡೀ ಬ್ಯಾಂಕಿನ ಬದಲು ಠೇವಣಿ, ಸಾಲದ ಪುಸ್ತಕ ಅಥವಾ ಶಾಖೆಗಳನ್ನು ಮಾತ್ರ ಕೊಳ್ಳುವುದು. 2024ರಲ್ಲಿ ಟೆಸ್ಕೋ ಬ್ಯಾಂಕಿನ ಚಿಲ್ಲರೆ ವ್ಯವಹಾರ ಬಾರ್ಕ್ಲೇಸಿಗೂ, 2025ರಲ್ಲಿ ಸೇನ್ಸ್‌ಬರೀಸ್ ಬ್ಯಾಂಕಿನ ಚಿಲ್ಲರೆ ವ್ಯವಹಾರದ ಬಹುಪಾಲು ನ್ಯಾಟ್‌ವೆಸ್ಟಿಗೂ ಸೇರಿದವು.

ಸೊಸೈಟಿಯ ಸ್ವಾಧೀನ: ಸದಸ್ಯರ ಒಡೆತನದ ಸಂಸ್ಥೆಯೊಂದು ಷೇರು ಬ್ಯಾಂಕನ್ನು ಕೊಳ್ಳುವುದು. 1990ರ ದಶಕದಲ್ಲಿ ಸೊಸೈಟಿಗಳು ಬ್ಯಾಂಕುಗಳಾದವು. 2024ರಿಂದ ಬ್ಯಾಂಕುಗಳು ಸೊಸೈಟಿಗಳ ತೆಕ್ಕೆಗೆ ಬರುತ್ತಿವೆ.

ಕಡ್ಡಾಯ ವಿಭಜನೆ: ಸರ್ಕಾರದ ನೆರವು ಪಡೆದ ಬ್ಯಾಂಕು ತನ್ನ ಒಂದು ಭಾಗವನ್ನು ಬಿಟ್ಟುಕೊಡಬೇಕೆಂದು ಐರೋಪ್ಯ ಆಯೋಗ ವಿಧಿಸಿದ ಷರತ್ತು. ಇದರ ಪ್ರಕಾರ ಲಾಯ್ಡ್ಸ್ ಸುಮಾರು 630 ಶಾಖೆಗಳನ್ನು ಬೇರ್ಪಡಿಸಬೇಕಾಯಿತು. ಕೋ-ಆಪರೇಟಿವ್ ಬ್ಯಾಂಕ್ ಜೊತೆಗಿನ ಮಾತುಕತೆ 2013ರ ಏಪ್ರಿಲಿನಲ್ಲಿ ಮುರಿದುಬಿದ್ದ ಮೇಲೆ ಆ ಶಾಖೆಗಳಿಂದ ಅದೇ ಸೆಪ್ಟೆಂಬರಿನಲ್ಲಿ ಟಿಎಸ್‌ಬಿ ಮತ್ತೆ ಸ್ವತಂತ್ರ ಹೆಸರಾಗಿ ಬಂತು. 2015ರಲ್ಲಿ ಸ್ಪೇನಿನ ಸಬಡೆಲ್ ಅದನ್ನು 170 ಕೋಟಿ ಪೌಂಡಿಗೆ ಕೊಂಡಿತು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ವಿಲಿಯಮ್ಸ್ ಆ್ಯಂಡ್ ಗ್ಲಿನ್ ಎಂಬ ಹೆಸರಿನಲ್ಲಿ 300ಕ್ಕೂ ಹೆಚ್ಚು ಶಾಖೆಗಳನ್ನು ಬೇರ್ಪಡಿಸಲು ವರ್ಷಗಟ್ಟಲೆ ಯತ್ನಿಸಿ ಕೊನೆಗೆ ಕೈಬಿಟ್ಟಿತು.

ಸ್ವಾಧೀನದ ಕಾನೂನು ಮತ್ತು ಹಂತಗಳು

ಷೇರುಪೇಟೆಯಲ್ಲಿರುವ ಬ್ಯಾಂಕಿನ ಸ್ವಾಧೀನ 1968ರಲ್ಲಿ ಸ್ಥಾಪಿತವಾದ ಟೇಕೋವರ್ ಪ್ಯಾನೆಲ್ಲಿನ ಸಂಹಿತೆಯಂತೆ ನಡೆಯುತ್ತದೆ. ಆಸಕ್ತಿ ಬಹಿರಂಗವಾದ ಮೇಲೆ ಖರೀದಿದಾರ ಸಂಸ್ಥೆ 28 ದಿನಗಳೊಳಗೆ ಖಚಿತ ಪ್ರಸ್ತಾಪ ಮುಂದಿಡಬೇಕು, ಇಲ್ಲವೇ ಹಿಂದೆ ಸರಿಯಬೇಕು. ಪ್ಯಾನೆಲ್ ಈ ಗಡುವನ್ನು ವಿಸ್ತರಿಸಬಹುದು. ಮತದಾನದ ಹಕ್ಕಿನ 30% ಮುಟ್ಟಿದವರು ಉಳಿದ ಎಲ್ಲ ಷೇರುದಾರರಿಗೂ ಬೆಲೆ ಮುಂದಿಡಲೇಬೇಕು. 2010ರಲ್ಲಿ ಕ್ರಾಫ್ಟ್ ಸಂಸ್ಥೆ ಕ್ಯಾಡ್‌ಬರಿಯನ್ನು ಕೊಂಡ ಬಳಿಕ ಎದ್ದ ವಿವಾದದಿಂದ ಸಂಹಿತೆ ಬಿಗಿಯಾಯಿತು: ನೌಕರರು, ಕಚೇರಿಗಳು ಮತ್ತು ಪಿಂಚಣಿಯ ಬಗ್ಗೆ ತನ್ನ ಉದ್ದೇಶವೇನೆಂದು ಖರೀದಿದಾರ ಸಂಸ್ಥೆ ಬರೆದು ಹೇಳಬೇಕು.

ಬ್ಯಾಂಕಿನ 10% ಅಥವಾ ಹೆಚ್ಚು ಪಾಲು ಕೊಳ್ಳುವವರು 2000ದ ಹಣಕಾಸು ಸೇವೆಗಳು ಮತ್ತು ಮಾರುಕಟ್ಟೆಗಳ ಕಾಯಿದೆಯಂತೆ ಮೊದಲೇ ನಿಯಂತ್ರಕರ ಒಪ್ಪಿಗೆ ಪಡೆಯಬೇಕು. ಬ್ಯಾಂಕ್ ಆಫ್ ಇಂಗ್ಲೆಂಡಿನ ಅಂಗವಾದ ಪ್ರುಡೆನ್ಷಿಯಲ್ ರೆಗ್ಯುಲೇಷನ್ ಅಥಾರಿಟಿ ಬಂಡವಾಳ, ಆಡಳಿತ ಮತ್ತು ಖರೀದಿದಾರರ ಯೋಗ್ಯತೆಯನ್ನು 60 ಕೆಲಸದ ದಿನಗಳೊಳಗೆ ಪರಿಶೀಲಿಸುತ್ತದೆ. ಸ್ಪರ್ಧೆಯ ಪ್ರಶ್ನೆಯನ್ನು 2014ರಿಂದ ಕಾಂಪಿಟಿಷನ್ ಆ್ಯಂಡ್ ಮಾರ್ಕೆಟ್ಸ್ ಅಥಾರಿಟಿ ನೋಡುತ್ತದೆ. ಒಡೆತನ ಬದಲಾದ ಮೇಲೆ ಒಂದು ಬ್ಯಾಂಕಿನ ಖಾತೆಗಳನ್ನು ಇನ್ನೊಂದರ ಪರವಾನಗಿಯಡಿ ತರಲು ಅದೇ ಕಾಯಿದೆಯ ಏಳನೆಯ ಭಾಗದಂತೆ ನ್ಯಾಯಾಲಯದ ಅನುಮತಿ ಬೇಕು.

ಈ ಪರೀಕ್ಷೆಗಳು ಬಂಡವಾಳ, ಸ್ಪರ್ಧೆ ಮತ್ತು ಸ್ಥಿರತೆಯನ್ನು ತೂಗುತ್ತವೆ. ಸಚಿವರು ಮಧ್ಯೆ ಪ್ರವೇಶಿಸಬಹುದಾದ ಸಾರ್ವಜನಿಕ ಹಿತದ ಆಧಾರಗಳಲ್ಲಿ ಉದ್ಯೋಗ ಸೇರಿಲ್ಲ. ನೌಕರರ ರಕ್ಷಣೆ ಬೇರೊಂದು ಕಾನೂನಿನಲ್ಲಿ, ಸ್ವಾಧೀನದ ತೀರ್ಮಾನವಾದ ನಂತರದ ಹಂತದಲ್ಲಿ ಬರುತ್ತದೆ.

ಉದ್ಯೋಗ ಕಡಿತದ ಕಾರಣಗಳು

ಇಮ್ಮಡಿ ಕೆಲಸಗಳು: ಎಚ್‌ಬಿಒಎಸ್ ಸ್ವಾಧೀನದಿಂದ 2011ರ ಅಂತ್ಯದ ವೇಳೆಗೆ ವರ್ಷಕ್ಕೆ 150 ಕೋಟಿ ಪೌಂಡಿಗೂ ಹೆಚ್ಚು ಉಳಿತಾಯವಾಗುವುದೆಂದು ಲಾಯ್ಡ್ಸ್ ಅಂದಾಜಿಸಿತ್ತು, ಬಳಿಕ ಆ ಗುರಿಯನ್ನು 200 ಕೋಟಿಗೆ ಏರಿಸಿತು. ಬ್ಯಾಂಕಿನ ವೆಚ್ಚದಲ್ಲಿ ಸಂಬಳದ ಪಾಲು ದೊಡ್ಡದಾದ್ದರಿಂದ ಇಂಥ ಗುರಿಗಳನ್ನು ಮುಟ್ಟಲು ಹುದ್ದೆಗಳ ಸಂಖ್ಯೆ ಇಳಿಯಲೇಬೇಕಾಗುತ್ತದೆ. ಮೊದಲ ಪೆಟ್ಟು ಪ್ರಧಾನ ಕಚೇರಿಯ ಲೆಕ್ಕಪತ್ರ, ಸಿಬ್ಬಂದಿ ಮತ್ತು ಪ್ರಚಾರ ವಿಭಾಗಗಳಿಗೆ, ಮುಂದೆ ಗಣಕ ವಿಭಾಗಕ್ಕೆ, ಕೊನೆಗೆ ಅಕ್ಕಪಕ್ಕದ ಶಾಖೆಗಳಿಗೆ ಬೀಳುವುದು ವಾಡಿಕೆ.

ವೆಚ್ಚ ಮತ್ತು ಆದಾಯದ ಅನುಪಾತ: ನೂರು ಪೌಂಡ್ ಆದಾಯ ಗಳಿಸಲು ಎಷ್ಟು ಪೌಂಡ್ ಖರ್ಚಾಯಿತೆಂಬ ಈ ಅಳತೆಯಿಂದ ಹೂಡಿಕೆದಾರರು ಬ್ಯಾಂಕುಗಳನ್ನು ಹೋಲಿಸುತ್ತಾರೆ. ಬಡ್ಡಿದರ ಇಳಿದು ಆದಾಯ ಕುಗ್ಗಿದಾಗ ಅನುಪಾತವನ್ನು ಕಾಯ್ದುಕೊಳ್ಳಲು ಉಳಿಯುವ ದಾರಿ ವೆಚ್ಚ ಕಡಿತ. 2009ರಿಂದ 2021ರವರೆಗಿನ ಅತಿ ಕಡಿಮೆ ಬಡ್ಡಿಯ ಕಾಲದಲ್ಲಿ ಈ ಒತ್ತಡ ಎಲ್ಲ ಬ್ಯಾಂಕುಗಳ ಮೇಲೂ ಇತ್ತು.

ತಂತ್ರಜ್ಞಾನ: ಬಾರ್ಕ್ಲೇಸ್ 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್ ಶಾಖೆಯಲ್ಲಿ ಹಣ ನೀಡುವ ಯಂತ್ರವನ್ನು ಆರಂಭಿಸಿತು. 1989ರಲ್ಲಿ ಮಿಡ್‌ಲ್ಯಾಂಡ್ ಶಾಖೆಗಳೇ ಇಲ್ಲದ, ದೂರವಾಣಿಯಲ್ಲಿ ನಡೆಯುವ ಫಸ್ಟ್ ಡೈರೆಕ್ಟ್ ಬ್ಯಾಂಕನ್ನು ತೆರೆಯಿತು. ಮುಂದೆ ಇಂಟರ್‌ನೆಟ್ ಬಂತು, ಅದರ ಮೇಲೆ ಮೊಬೈಲ್ ಆ್ಯಪ್. ಸ್ಟಾರ್ಲಿಂಗ್, ಮಾಂಜೋ ಮೊದಲಾದ ಆ್ಯಪ್ ಬ್ಯಾಂಕುಗಳು ಶಾಖೆಯ ಖರ್ಚಿಲ್ಲದೆ ಖಾತೆದಾರರನ್ನು ಸೆಳೆದವು. ಮಾಂಜೋ 2024ರಲ್ಲಿ ಒಂದು ಕೋಟಿ ಗ್ರಾಹಕರನ್ನು ದಾಟಿತು.

ಶಾಖೆಗಳ ಮುಚ್ಚುವಿಕೆ: 2000ದ ಏಪ್ರಿಲಿನಲ್ಲಿ ಬಾರ್ಕ್ಲೇಸ್ ಒಂದೇ ದಿನ 171 ಶಾಖೆಗಳನ್ನು ಮುಚ್ಚಿದ್ದು ದೇಶಾದ್ಯಂತ ಪ್ರತಿಭಟನೆಗೆ ಕಾರಣವಾಯಿತು. ಗ್ರಾಹಕ ಸಂಸ್ಥೆ ವಿಚ್ ಲೆಕ್ಕದಂತೆ 2015ರ ಜನವರಿಯಿಂದ 2024ರ ಮಧ್ಯದವರೆಗೆ 6,000ಕ್ಕೂ ಹೆಚ್ಚು ಶಾಖೆಗಳು ಬಾಗಿಲು ಹಾಕಿದವು.

ಉದ್ಯೋಗ ಕಡಿತದ ಬಗೆಗಳು ಮತ್ತು ಪ್ರಮಾಣ

ಸಹಜ ಇಳಿಕೆಯಲ್ಲಿ ಬಿಟ್ಟುಹೋದವರ ಸ್ಥಾನ ತುಂಬುವುದಿಲ್ಲ. ಸ್ವಯಂ ಹುದ್ದೆ ರದ್ದತಿಯಲ್ಲಿ ಪರಿಹಾರ ಪಡೆದು ಹೊರಹೋಗಲು ಒಪ್ಪುವವರನ್ನು ಕೇಳಲಾಗುತ್ತದೆ. ಮರುನಿಯೋಜನೆಯಲ್ಲಿ ಬೇರೆ ಶಾಖೆ ಅಥವಾ ಬೇರೆ ಕೆಲಸ ಕೊಡಲಾಗುತ್ತದೆ. ಶಾಖೆಯವರನ್ನು ದೂರವಾಣಿ ಅಥವಾ ಆನ್‌ಲೈನ್ ಸೇವೆಗೆ ಕಳುಹಿಸುವುದು ಇತ್ತೀಚಿನ ರೂಢಿ. ಇವು ಸಾಲದಾದಾಗ ಕಡ್ಡಾಯ ಹುದ್ದೆ ರದ್ದತಿ ಬರುತ್ತದೆ. ಹೊರಗುತ್ತಿಗೆಯಲ್ಲಿ ಕೆಲಸ ಬೇರೆ ಕಂಪನಿಗೆ, ಸಾಗರೋತ್ತರ ವರ್ಗಾವಣೆಯಲ್ಲಿ ಬೇರೆ ದೇಶಕ್ಕೆ ಹೋಗುತ್ತದೆ.

ಪ್ರಕಟವಾದ ಮುಖ್ಯ ಕಡಿತಗಳಲ್ಲಿ ಕೆಲವು: 2011ರ ಜೂನ್‌ನಲ್ಲಿ ಲಾಯ್ಡ್ಸ್ 15,000 ಹುದ್ದೆಗಳನ್ನು, 2014ರ ಅಕ್ಟೋಬರಿನಲ್ಲಿ ಮತ್ತೆ 9,000 ಹುದ್ದೆಗಳನ್ನು ಇಳಿಸುವುದಾಗಿ ತಿಳಿಸಿತು. 2014ರಲ್ಲಿ ಬಾರ್ಕ್ಲೇಸ್ ತನ್ನ ಜಾಗತಿಕ ವ್ಯವಹಾರದಲ್ಲಿ ಸುಮಾರು 19,000 ಹುದ್ದೆಗಳ ಕಡಿತದ ಯೋಜನೆ ಮುಂದಿಟ್ಟಿತು. 2015ರ ಜೂನ್‌ನಲ್ಲಿ ಎಚ್‌ಎಸ್‌ಬಿಸಿ ಬ್ರಿಟನ್ನಿನಲ್ಲಿ ಸುಮಾರು 8,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಹೇಳಿತು. 2019ರಲ್ಲಿ ಸ್ಯಾಂಟಂಡೇರ್ 140 ಶಾಖೆಗಳನ್ನು ಮುಚ್ಚಲು ಹೊರಟಾಗ 1,270 ಹುದ್ದೆಗಳು, 2020ರಲ್ಲಿ ಟಿಎಸ್‌ಬಿ 164 ಶಾಖೆಗಳನ್ನು ಮುಚ್ಚಲು ಹೊರಟಾಗ ಸುಮಾರು 900 ಹುದ್ದೆಗಳು, 2025ರ ಮಾರ್ಚಿನಲ್ಲಿ ಸ್ಯಾಂಟಂಡೇರಿನ 95 ಶಾಖೆಗಳ ಮುಚ್ಚುವಿಕೆಯಲ್ಲಿ 750 ಹುದ್ದೆಗಳು ಅಪಾಯಕ್ಕೆ ಒಳಗಾದವು. ಈ ಪಟ್ಟಿಯಲ್ಲಿ ಲಾಯ್ಡ್ಸಿನ 2011ರ ಕಡಿತ ಎಚ್‌ಬಿಒಎಸ್ ಸ್ವಾಧೀನದ ಮುಂದುವರಿದ ಭಾಗ; 2015ರ ನಂತರದವು ಸ್ವಾಧೀನವಿಲ್ಲದೆ, ಗ್ರಾಹಕರು ಶಾಖೆಗಳಿಂದ ಆ್ಯಪ್‌ಗಳಿಗೆ ಸರಿದದ್ದನ್ನು ಮುಂದಿಟ್ಟು ಮಾಡಿದವು.

ಹುದ್ದೆ ರದ್ದತಿಯ ಕಾನೂನು ಕ್ರಮ

1992ರ ಕಾರ್ಮಿಕ ಸಂಘ ಮತ್ತು ಕಾರ್ಮಿಕ ಸಂಬಂಧಗಳ ಕ್ರೋಡೀಕೃತ ಕಾಯಿದೆಯ ಪ್ರಕಾರ, ಒಂದು ಘಟಕದಲ್ಲಿ 90 ದಿನಗಳೊಳಗೆ 20 ಅಥವಾ ಹೆಚ್ಚು ಹುದ್ದೆಗಳನ್ನು ರದ್ದು ಮಾಡುವ ಮೊದಲು ನೌಕರರ ಪ್ರತಿನಿಧಿಗಳೊಡನೆ ಸಾಮೂಹಿಕ ಸಮಾಲೋಚನೆ ನಡೆಸಬೇಕು. ಹುದ್ದೆಗಳು 20ರಿಂದ 99ರವರೆಗಿದ್ದರೆ ಮೊದಲ ಬಿಡುಗಡೆಗೆ ಕನಿಷ್ಠ 30 ದಿನ, 100 ಅಥವಾ ಹೆಚ್ಚಿದ್ದರೆ ಕನಿಷ್ಠ 45 ದಿನ ಮುಂಚೆ ಅದು ಆರಂಭವಾಗಬೇಕು. 2013ರ ಏಪ್ರಿಲಿಗೆ ಮೊದಲು ದೊಡ್ಡ ಕಡಿತಗಳಿಗೆ ಈ ಅವಧಿ 90 ದಿನಗಳಿತ್ತು. ಕಡಿತವನ್ನು ತಪ್ಪಿಸುವ, ಸಂಖ್ಯೆಯನ್ನು ಇಳಿಸುವ ಮತ್ತು ಪರಿಣಾಮವನ್ನು ತಗ್ಗಿಸುವ ದಾರಿಗಳನ್ನು ಸಮಾಲೋಚನೆಯಲ್ಲಿ ಹುಡುಕಬೇಕೆಂಬುದು ಕಾನೂನಿನ ಅಪೇಕ್ಷೆ. ಆದರೆ ಒಪ್ಪಂದಕ್ಕೆ ಬರಲೇಬೇಕೆಂಬ ಕಡ್ಡಾಯವಿಲ್ಲ.

ಎರಡು ವರ್ಷ ಸತತ ಸೇವೆ ಮಾಡಿದವರು ಶಾಸನಬದ್ಧ ಪರಿಹಾರಕ್ಕೆ ಅರ್ಹರು. ಸೇವೆಯ ಪ್ರತಿ ವರ್ಷಕ್ಕೆ 22ರ ವಯಸ್ಸಿಗೆ ಮೊದಲು ಅರ್ಧ ವಾರದ, 22ರಿಂದ 40ರವರೆಗೆ ಒಂದು ವಾರದ, 41ರ ನಂತರ ಒಂದೂವರೆ ವಾರದ ಸಂಬಳದಂತೆ ಗರಿಷ್ಠ 20 ವರ್ಷಗಳ ಸೇವೆಯನ್ನು ಎಣಿಸಲಾಗುತ್ತದೆ. ವಾರದ ಸಂಬಳಕ್ಕೂ ಮಿತಿಯುಂಟು. ದೊಡ್ಡ ಬ್ಯಾಂಕುಗಳು ಸಂಘಗಳೊಡನೆ ಮಾಡಿಕೊಂಡ ಒಪ್ಪಂದದಂತೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಕೊಡುತ್ತವೆ.

ವ್ಯವಹಾರವೇ ಕೈಬದಲಾದಾಗ 2006ರ ಉದ್ಯಮ ವರ್ಗಾವಣೆ ನಿಯಮಗಳು ನೌಕರರ ಸೇವಾ ಷರತ್ತುಗಳನ್ನು ಹೊಸ ಒಡೆಯರಿಗೂ ಅನ್ವಯಿಸುತ್ತವೆ. ಷೇರುಗಳ ಖರೀದಿಯಿಂದ ಆಗುವ ಸ್ವಾಧೀನದಲ್ಲಿ ಉದ್ಯೋಗದಾತ ಕಂಪನಿ ಕಾನೂನಿನಂತೆ ಬದಲಾಗದ ಕಾರಣ ಆ ನಿಯಮಗಳು ಅನ್ವಯಿಸುವುದಿಲ್ಲ. ಹಳೆಯ ಉದ್ಯೋಗ ಕರಾರು ಹಾಗೆಯೇ ಮುಂದುವರಿಯುತ್ತದೆ.

ಕಾರ್ಮಿಕ ಸಂಘಗಳು

ಬ್ಯಾಂಕ್ ನೌಕರರ ಸಂಘಟನೆ ಮೊದಲ ಮಹಾಯುದ್ಧದ ಕೊನೆಯಲ್ಲಿ ಬ್ಯಾಂಕ್ ಆಫೀಸರ್ಸ್ ಗಿಲ್ಡ್ ಮೂಲಕ ಬೇರೂರಿತು. ಅದರ ಉತ್ತರಾಧಿಕಾರಿ ಸಂಘಗಳು 1999ರಲ್ಲಿ ಯೂನಿಫೈ ಆಗಿ, 2004ರಲ್ಲಿ ಆ್ಯಮಿಕಸ್‌ನೊಡನೆ ಸೇರಿ, 2007ರಲ್ಲಿ ಯುನೈಟ್ ಸಂಘದ ಭಾಗವಾದವು. ಲಾಯ್ಡ್ಸ್ ಮತ್ತು ಟಿಎಸ್‌ಬಿಯಲ್ಲಿ ಅಕಾರ್ಡ್, ಸ್ಯಾಂಟಂಡೇರಿನಲ್ಲಿ ಅಡ್ವಾನ್ಸ್, ನೇಷನ್‌ವೈಡಿನಲ್ಲಿ ಅದರದೇ ಸಿಬ್ಬಂದಿ ಸಂಘ ಮಾತುಕತೆ ನಡೆಸುತ್ತವೆ. ಕಡ್ಡಾಯ ರದ್ದತಿಯ ಬದಲು ಸ್ವಯಂ ರದ್ದತಿ, ಮರುತರಬೇತಿ, ಪಿಂಚಣಿಯ ರಕ್ಷಣೆ ಇವು ಸಂಘಗಳ ಸ್ಥಿರ ಬೇಡಿಕೆಗಳು.

ಭಾರತ ಮತ್ತು ಬೆಂಗಳೂರಿನ ಸಂಬಂಧ

2003ರ ಅಕ್ಟೋಬರಿನಲ್ಲಿ ಎಚ್‌ಎಸ್‌ಬಿಸಿ ಬ್ರಿಟನ್ನಿನ ಸುಮಾರು 4,000 ಹುದ್ದೆಗಳನ್ನು ಭಾರತ, ಚೀನಾ ಮತ್ತು ಮಲೇಷ್ಯಾಗಳಿಗೆ ಸಾಗಿಸುವುದಾಗಿ ಪ್ರಕಟಿಸಿತು. ಅದೇ ತಿಂಗಳು ಲಾಯ್ಡ್ಸ್ ಟಿಎಸ್‌ಬಿ ನ್ಯೂಕ್ಯಾಸಲ್ಲಿನ ಕಾಲ್ ಸೆಂಟರನ್ನು ಮುಚ್ಚಿ ಅಲ್ಲಿನ ಕೆಲಸವನ್ನು ಭಾರತಕ್ಕೆ ಕಳುಹಿಸುವ ನಿರ್ಧಾರ ತಿಳಿಸಿತು. ಗ್ರಾಹಕರ ದೂರುಗಳ ಬಳಿಕ ಪ್ರವಾಹ ಭಾಗಶಃ ಹಿಂದಕ್ಕೆ ತಿರುಗಿತು: 2007ರಲ್ಲಿ ಲಾಯ್ಡ್ಸ್ ಟಿಎಸ್‌ಬಿ ಮುಂಬಯಿಯ ಕಾಲ್ ಸೆಂಟರನ್ನು ಮುಚ್ಚುವುದಾಗಿ ಹೇಳಿತು, 2011ರಲ್ಲಿ ಸ್ಯಾಂಟಂಡೇರ್ ಬೆಂಗಳೂರು ಮತ್ತು ಪುಣೆಯಲ್ಲಿ ಸ್ವೀಕರಿಸುತ್ತಿದ್ದ ಗ್ರಾಹಕರ ಕರೆಗಳನ್ನು ಬ್ರಿಟನ್ನಿಗೆ ಮರಳಿಸಿ ಅಲ್ಲಿ 500 ಹುದ್ದೆಗಳನ್ನು ಸೃಷ್ಟಿಸಿತು. ಕರೆಗಳು ಮರಳಿದರೂ ತಂತ್ರಾಂಶ, ದತ್ತಾಂಶ ಮತ್ತು ವ್ಯವಹಾರ ಪರಿಶೀಲನೆಯ ಕೆಲಸಗಳು ಭಾರತದಲ್ಲಿ ಬೆಳೆದವು. ಇಂದು ನ್ಯಾಟ್‌ವೆಸ್ಟ್ ಮತ್ತು ಎಚ್‌ಎಸ್‌ಬಿಸಿ ಬೆಂಗಳೂರಿನಲ್ಲಿ ಕೇಂದ್ರಗಳನ್ನು ಹೊಂದಿವೆ. ಲಾಯ್ಡ್ಸ್ 2023ರಲ್ಲಿ ಹೈದರಾಬಾದಿನಲ್ಲಿ ತಂತ್ರಜ್ಞಾನ ಕೇಂದ್ರ ತೆರೆಯಿತು. ಹೀಗೆ ಬ್ರಿಟನ್ನಿನ ಬ್ಯಾಂಕುಗಳ ಪುನರ್ರಚನೆ ಬೆಂಗಳೂರಿನ ಉದ್ಯೋಗ ಮಾರುಕಟ್ಟೆಗೂ ತಾಗುತ್ತದೆ.

ಗ್ರಾಹಕರ ಮೇಲಿನ ಪರಿಣಾಮ

ಸ್ವಾಧೀನದ ಬಳಿಕ ಗ್ರಾಹಕರಿಗೆ ಎದುರಾಗುವ ದೊಡ್ಡ ಅಪಾಯ ಕಂಪ್ಯೂಟರ್ ವ್ಯವಸ್ಥೆಯ ಸ್ಥಳಾಂತರ. 2018ರ ಏಪ್ರಿಲಿನಲ್ಲಿ ಟಿಎಸ್‌ಬಿ ಲಾಯ್ಡ್ಸಿನ ವ್ಯವಸ್ಥೆಯಿಂದ ಸಬಡೆಲ್ಲಿನ ವ್ಯವಸ್ಥೆಗೆ ಬದಲಾದಾಗ ಲಕ್ಷಾಂತರ ಗ್ರಾಹಕರು ತಮ್ಮ ಖಾತೆಗಳನ್ನು ಬಳಸಲಾಗದೆ ಪರದಾಡಿದರು. 2022ರ ಡಿಸೆಂಬರಿನಲ್ಲಿ ನಿಯಂತ್ರಕರು ಆ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ವಿಧಿಸಿದರು. ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕ್ ಪರವಾನಗಿಗೆ ಒಬ್ಬರಿಗೆ ಇಷ್ಟು ಎಂದು ನಿಗದಿಯಾಗಿದೆ. 85,000 ಪೌಂಡ್ ಇದ್ದ ಈ ಮಿತಿ 2025ರ ಡಿಸೆಂಬರ್ 1ರಿಂದ 1,20,000 ಪೌಂಡಿಗೆ ಏರಿತು. ಎರಡು ಬ್ಯಾಂಕುಗಳು ಒಂದೇ ಪರವಾನಗಿಯಡಿ ಬಂದರೆ, ಎರಡರಲ್ಲೂ ಹಣವಿಟ್ಟವರಿಗೆ ಒಂದೇ ಮಿತಿ ಅನ್ವಯಿಸುತ್ತದೆ.

ಶಾಖೆ ಮುಚ್ಚುವುದರಿಂದ ಹೆಚ್ಚು ತೊಂದರೆಗೆ ಒಳಗಾಗುವವರು ವೃದ್ಧರು, ಅಂಗವಿಕಲರು, ನಗದಿನಲ್ಲಿ ವ್ಯವಹರಿಸುವ ಸಣ್ಣ ವ್ಯಾಪಾರಿಗಳು ಮತ್ತು ಹಳ್ಳಿಯವರು. ಇದಕ್ಕೆ ಪರಿಹಾರವಾಗಿ ಹಲವು ಬ್ಯಾಂಕುಗಳು ಹಂಚಿಕೊಳ್ಳುವ ಬ್ಯಾಂಕಿಂಗ್ ಹಬ್‌ಗಳು ಬಂದವು. ಮೊದಲ ಪ್ರಯೋಗ 2021ರಲ್ಲಿ ಎಸೆಕ್ಸಿನ ರಾಚ್‌ಫರ್ಡ್ ಮತ್ತು ಸ್ಕಾಟ್ಲೆಂಡಿನ ಕ್ಯಾಂಬಸ್‌ಲ್ಯಾಂಗ್‌ಗಳಲ್ಲಿ ನಡೆಯಿತು. ಇಲ್ಲಿ ಪೋಸ್ಟ್ ಆಫೀಸಿನ ಸಿಬ್ಬಂದಿ ಕೌಂಟರ್ ನಡೆಸುತ್ತಾರೆ. ಒಂದೊಂದು ಬ್ಯಾಂಕಿನ ಪ್ರತಿನಿಧಿ ವಾರದ ಒಂದೊಂದು ದಿನ ಬರುತ್ತಾರೆ. ನೂರನೆಯ ಹಬ್ 2024ರ ಡಿಸೆಂಬರಿನಲ್ಲಿ ತೆರೆಯಿತು. 350 ಹಬ್‌ಗಳನ್ನು ತೆರೆಯುವುದು ಸರ್ಕಾರದ ಗುರಿ. 2023ರ ಕಾಯಿದೆಯ ಆಧಾರದ ಮೇಲೆ 2024ರ ಸೆಪ್ಟೆಂಬರ್ 18ರಿಂದ ಜಾರಿಯಾದ ನಿಯಮಗಳಂತೆ, ಒಂದು ಊರಿನಲ್ಲಿ ನಗದು ಸೇವೆ ತಪ್ಪಿದರೆ ಬ್ಯಾಂಕುಗಳು ಕೊರತೆಯನ್ನು ಅಳೆದು ತುಂಬಬೇಕು. ಈ ನಿಯಮಗಳು ನಗದು ಸೇವೆಯನ್ನು ರಕ್ಷಿಸುತ್ತವೆ, ಶಾಖೆಯನ್ನಾಗಲಿ ಅಲ್ಲಿನ ಹುದ್ದೆಗಳನ್ನಾಗಲಿ ಅಲ್ಲ.

ಈಗಿನ ಸ್ಥಿತಿ

2022ರಿಂದ ಬಡ್ಡಿದರ ಏರಿ ಬ್ಯಾಂಕುಗಳ ಲಾಭ ಹೆಚ್ಚಿದ ಮೇಲೆ ಸ್ವಾಧೀನದ ಹೊಸ ಅಲೆ ಎದ್ದಿತು. ನೇಷನ್‌ವೈಡ್ ಸುಮಾರು 290 ಕೋಟಿ ಪೌಂಡಿಗೆ ವರ್ಜಿನ್ ಮನಿಯನ್ನು ಕೊಂಡು 2024ರ ಅಕ್ಟೋಬರ್ 1ರಂದು ವ್ಯವಹಾರ ಪೂರ್ಣಗೊಳಿಸಿತು. ಸೊಸೈಟಿಯ ಸದಸ್ಯರಿಗೆ ಇದರಲ್ಲಿ ಮತದಾನದ ಅವಕಾಶ ಇರಲಿಲ್ಲ. ಹತ್ತಿರದ ಅವಧಿಯಲ್ಲಿ ವರ್ಜಿನ್ ಮನಿಯ ಸಿಬ್ಬಂದಿಯಲ್ಲಿ ದೊಡ್ಡ ಬದಲಾವಣೆ ಮಾಡುವ ಉದ್ದೇಶವಿಲ್ಲವೆಂದು ನೇಷನ್‌ವೈಡ್ ಪ್ರಕಟಿಸಿತು. ಕವೆಂಟ್ರಿ ಬಿಲ್ಡಿಂಗ್ ಸೊಸೈಟಿ 78 ಕೋಟಿ ಪೌಂಡಿಗೆ ಕೋ-ಆಪರೇಟಿವ್ ಬ್ಯಾಂಕನ್ನು ಕೊಂಡು 2025ರ ಜನವರಿ 1ರಂದು ಒಡೆತನ ವಹಿಸಿಕೊಂಡಿತು. ಸರ್ಕಾರ ಲಾಯ್ಡ್ಸಿನ ಕೊನೆಯ ಪಾಲನ್ನು 2017ರಲ್ಲೇ ಮಾರಿತ್ತು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದ ಈಗಿನ ರೂಪವಾದ ನ್ಯಾಟ್‌ವೆಸ್ಟಿನ ಕೊನೆಯ ಪಾಲನ್ನು 2025ರ ಮೇ ತಿಂಗಳಲ್ಲಿ ಮಾರಿದ್ದರಿಂದ ಬಿಕ್ಕಟ್ಟಿನ ಕಾಲದ ಸರ್ಕಾರಿ ಒಡೆತನ ಕೊನೆಗೊಂಡು, ಆ ಬ್ಯಾಂಕೂ ಖರೀದಿಗೆ ಮುಂದಾಗಲು ಮುಕ್ತವಾಯಿತು.

2024ರ ಮೇ ತಿಂಗಳಲ್ಲಿ ಸ್ಪೇನಿನ ಬಿಬಿವಿಎ ಬ್ಯಾಂಕ್ ಸಬಡೆಲ್ ಮೇಲೆ ಪ್ರತಿಕೂಲ ಸ್ವಾಧೀನಕ್ಕೆ ಹೊರಟಿತು. ಆ ಹೋರಾಟದ ನಡುವೆ ಸಬಡೆಲ್ 2025ರ ಜುಲೈಯಲ್ಲಿ ಟಿಎಸ್‌ಬಿಯನ್ನು 265 ಕೋಟಿ ಪೌಂಡಿಗೆ ಸ್ಯಾಂಟಂಡೇರಿಗೆ ಮಾರಲು ಒಪ್ಪಿತು; ಆಗಸ್ಟಿನಲ್ಲಿ ಸಬಡೆಲ್ಲಿನ ಷೇರುದಾರರು ಇದಕ್ಕೆ ಸಮ್ಮತಿ ಕೊಟ್ಟರು. ಅಕ್ಟೋಬರಿನಲ್ಲಿ ಬಿಬಿವಿಎ ಪ್ರಯತ್ನ ವಿಫಲವಾದರೂ ಟಿಎಸ್‌ಬಿ ಮಾರಾಟದ ಒಪ್ಪಂದ ನಿಂತಿತು. ಟಿಎಸ್‌ಬಿಯಲ್ಲಿ ಆಗ ಸುಮಾರು 50 ಲಕ್ಷ ಗ್ರಾಹಕರು, 175 ಶಾಖೆಗಳು ಮತ್ತು 5,000 ನೌಕರರು ಇದ್ದರು. ಎರಡೂ ಸೇರಿದರೆ ವೈಯಕ್ತಿಕ ಚಾಲ್ತಿ ಖಾತೆಗಳ ಮೊತ್ತದಲ್ಲಿ ದೇಶದ ಮೂರನೆಯ ದೊಡ್ಡ ಬ್ಯಾಂಕಾಗುವುದೆಂದೂ, ಕನಿಷ್ಠ 40 ಕೋಟಿ ಪೌಂಡಿನ ವೆಚ್ಚ ಉಳಿತಾಯವಾಗುವುದೆಂದೂ ಸ್ಯಾಂಟಂಡೇರ್ ಒಪ್ಪಂದದ ದಿನವೇ ಪ್ರಕಟಿಸಿತು.

ಮೂವತ್ತು ವರ್ಷಗಳಲ್ಲಿ ಟಿಎಸ್‌ಬಿ ಲಾಯ್ಡ್ಸಿನೊಡನೆ ಸೇರಿ, ಐರೋಪ್ಯ ಆಯೋಗದ ಷರತ್ತಿನಂತೆ ಬೇರ್ಪಟ್ಟು, ಸಬಡೆಲ್ಲಿನ ಕೈಗೆ ಹೋಗಿ, ಮತ್ತೊಮ್ಮೆ ಮಾರಾಟವಾಗಿದೆ. ಸ್ಪರ್ಧೆಯನ್ನು ಹೆಚ್ಚಿಸಲೆಂದು ಬೇರ್ಪಡಿಸಿದ ಬ್ಯಾಂಕು ದೊಡ್ಡ ಬ್ಯಾಂಕೊಂದರ ಭಾಗವಾಗುವ ಈ ಪ್ರಕರಣದಲ್ಲಿ ಸ್ವಾಧೀನದ ಎಲ್ಲ ಹಂತಗಳೂ ಕಾಣಸಿಗುತ್ತವೆ: ಮೊದಲು ಬೆಲೆ ಮತ್ತು ಉಳಿತಾಯದ ಅಂದಾಜು, ನಂತರ ನಿಯಂತ್ರಕರ ಒಪ್ಪಿಗೆ, ಆಮೇಲೆ ಖಾತೆಗಳ ವರ್ಗಾವಣೆ. ಶಾಖೆ ಮತ್ತು ಹುದ್ದೆಗಳ ನಿರ್ಧಾರ ಬರುವುದು ಕೊನೆಯಲ್ಲಿ. ಆ ಹಂತದಲ್ಲಿ ನೌಕರರ ಕೈಯಲ್ಲಿರುವ ಶಾಸನಬದ್ಧ ಸಾಧನಗಳು ಸಾಮೂಹಿಕ ಸಮಾಲೋಚನೆ ಮತ್ತು ಪರಿಹಾರದ ಹಕ್ಕು.